ತುಹಾಮಿ ನಿಲ್ಲದೆ ಹೋದ ದಿನ

ನಮ್ಮ ಫೆಸ್ ಪಟ್ಟಣದ ಹಳೇ ಪೇಟೆಯಲ್ಲಿ ತುಹಾಮಿ ಪರದೇಶದವರಿಗೆ ಊರು ತೋರಿಸುತ್ತಿದ್ದ. ನೀಲಿ ಬಾಗಿಲಿನಿಂದ ಹೊರಟು, ಮದರಸಾ, ಕಾರಂಜಿ, ದೊಡ್ಡ ಮಸೀದಿ ದಾಟಿ, ಚರ್ಮ ಹದ ಮಾಡುವ ಹೊಂಡಗಳವರೆಗೆ ಎಂದು ಕರಾರು. ಆದರೆ ಅವನ ಜೊತೆ ಹೋಗಿ ಹೊಂಡ ಕಂಡವರು ಯಾರೂ ಇಲ್ಲ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರನ್ನೂ ಅವನು ಮಾತಾಡಿಸಬೇಕು. ನಾವೂ ಮಾತಾಡಿಸುತ್ತೇವೆ, ಹೆಂಡತಿ, ಮಕ್ಕಳು, ಅತ್ತೆ ಎಲ್ಲ ಕ್ಷೇಮವೇ ಎಂದು ಕೇಳಿ ಮುಗಿಸುತ್ತೇವೆ. ತುಹಾಮಿ ಅತ್ತೆಯ ಕೆಮ್ಮಿನವರೆಗೂ ಹೋಗುತ್ತಿದ್ದ.

ಪ್ರವಾಸಿಗಳು ಅವಸರ ಮಾಡಿದರೆ, "ಮಾತಾಡಿಸ್ದೆ ದಾಟೋಕೆ ನಾನೇನು ಕತ್ತೆನಾ?" ಎನ್ನುತ್ತಿದ್ದ. ಅಷ್ಟರಲ್ಲಿ ಚರ್ಮ ಹೊತ್ತ ಕತ್ತೆಗಳು ಹೊಂಡ ತಲುಪಿರುತ್ತಿದ್ದವು.

ನನ್ನ ಅಂಗಡಿಯ ಪಕ್ಕದಲ್ಲಿ ಸೂಜಿ-ದಾರ ಮಾರುವ ಅಲ್ಲಾಲನಿಗೆ ಅವನನ್ನು ಕಂಡರೆ ಉರಿ.

"ಬಂದ ನೋಡಪ್ಪ, ನನ್ನ ಮಂಡಿನೋವು ವಿಚಾರಿಸೋಕೆ! ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇದೆ, ನಡಿ ಮಾರಾಯ."

"ಎಡ ಮಂಡಿನೋ, ಬಲ ಮಂಡಿನೋ?" ಎಂದು ತುಹಾಮಿ ಕೇಳುತ್ತಿದ್ದ.

ಅಲ್ಲಾಲ ಒಂದು ದಿನವೂ ಹೇಳಲಿಲ್ಲ. ಹೇಳಿದರೆ ಮಾತು ಮುಂದುವರಿಯುತ್ತದೆ.

ಕಳೆದ ಶುಕ್ರವಾರ ತುಹಾಮಿ ತೀರಿಕೊಂಡ. ಖಬರಸ್ತಾನ ಇರುವುದು ಹೊಂಡಗಳ ಆಚೆ. ಹೆಣ ಹೊತ್ತವರು ನಮ್ಮಲ್ಲಿ ಎಲ್ಲೂ ನಿಲ್ಲುವುದಿಲ್ಲ. ಬಿರಬಿರನೆ ನಡೆದು ನಮ್ಮ ಅಂಗಡಿಗಳನ್ನೂ ದಾಟಿದರು.

"ನೋಡ್ದ್ಯಾ," ಎಂದ ಅಲ್ಲಾಲ ನನಗೆ. "ಏನೂ ಕೇಳ್ದೆ ಹೋದ."

ಅಂಗಡಿಯ ಬಾಗಿಲೆಳೆದು, ಕುಂಟುತ್ತಲೇ ಹೆಣದ ಹಿಂದೆ ಓಡಿದ.

"ಎಡಗಡೇದು ಕಣೋ ತುಹಾಮಿ, ಎಡಗಡೇದು!"