ಬಗ್ಗಿ ಕೂತ ಹತ್ತು ನಿಮಿಷ

ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ನನ್ನ ಮೂಗಿನಿಂದ ಮೂರು ಸಲ ರಕ್ತ ಬಂತು. ಅಷ್ಟಕ್ಕೇ ಅಪ್ಪ ಅಕ್ಕಲಕೋಟೆಯ ಕಾಲೇಜು ಬೇಡವೆಂದು ತೀರ್ಮಾನಿಸಿಬಿಟ್ಟ. ನಮ್ಮೂರು ಕುರನೂರಿನಿಂದ ಬಿಸಿಲಲ್ಲಿ ಓಡಾಡಿದರೆ ಹುಡುಗಿ ಉಳಿಯುವುದಿಲ್ಲವಂತೆ, ಮನೆದೇವರು ಬೀರೋಬಾನ ಸಿಟ್ಟು ಇಳಿಯುವತನಕ ಮನೆಯಲ್ಲೇ ಇರಬೇಕಂತೆ. ಕುರಿ ಕಾಯುವುದಕ್ಕೆ ಮಾತ್ರ ಬಿಸಿಲಿನ ಅಡ್ಡಿಯಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ರಕ್ತ ಬಂದಾಗಲೆಲ್ಲ ಆಯಿ, ಅಂದರೆ ಅಪ್ಪನ ತಾಯಿ, ನನ್ನ ಗದ್ದ ಹಿಡಿದು ಮುಖ ಮೇಲಕ್ಕೆತ್ತುತ್ತಿದ್ದಳು. ಕುರಿಯ ಗಾಯಕ್ಕೆ ಒತ್ತುವಂತೆಯೇ ದೇವರ ಭಂಡಾರದ ಅರಿಶಿನವನ್ನು ಹೊಳ್ಳೆಗೆ ತುಂಬುತ್ತಿದ್ದಳು. ನಾನು ಸೀನುತ್ತಿದ್ದೆ, ನಿಂತ ರಕ್ತ ಮತ್ತೆ ಹರಿಯುತ್ತಿತ್ತು. ಗಂಟಲಿಗಿಳಿದದ್ದು ಹೊಟ್ಟೆ ಸೇರಿ ಕೆಂಪಗೆ ವಾಂತಿಯಾಗುತ್ತಿತ್ತು. ಅದನ್ನು ಕಂಡು ಮನೆಯವರು ಇನ್ನಷ್ಟು ಹೆದರುತ್ತಿದ್ದರು.

ಅವ್ವ ಒಂದು ದಿನ ಸಂತೆಯ ನೆಪದಲ್ಲಿ ನನ್ನನ್ನು ಅಕ್ಕಲಕೋಟೆಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವರು ಕಾಗದದ ಮೇಲೆ ಮೂಗು ಬರೆದು ತೋರಿಸಿದರು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಕಿರುಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿ, ಕಣ್ಣಿನ ಕಡೆಯಿಂದ, ತುಟಿಯ ಕಡೆಯಿಂದ, ಅಂಗುಳದ ಕಡೆಯಿಂದ ಬಂದ ಸಣ್ಣ ರಕ್ತನಾಳಗಳು ಕೂಡುತ್ತವೆ. ಮೇಲಿನ ಪೊರೆ ತೀರ ತೆಳು. ಒಣಗಾಳಿಗೆ ಬಿರಿಯುತ್ತದೆ, ಉಗುರು ತಾಗಿದರೂ ಸಾಕು. ಮುಂದಕ್ಕೆ ಬಾಗಿ, ಮೂಗಿನ ಎಲುಬಿನ ಕೆಳಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಹಿಡಿದು, ಬಾಯಿಂದ ಉಸಿರಾಡಬೇಕು ಎಂದರು. ಆ ಚಿತ್ರದಲ್ಲಿ ದೇವರ ಸಿಟ್ಟು ಎಲ್ಲೂ ಇರಲಿಲ್ಲ.

ಕಾಲೇಜಿನ ಪ್ರವೇಶಕ್ಕೆ ಕೊನೆಯ ದಿನ. ಅಪ್ಪನನ್ನು ಕೇಳದೆಯೇ ಚೀಲ ಹೆಗಲಿಗೇರಿಸಿದೆ. ಪಡಸಾಲೆಗೆ ಬರುವಷ್ಟರಲ್ಲಿ ರಕ್ತ ಸುರಿಯತೊಡಗಿತು. ಅಪ್ಪ ಬಾಗಿಲಿಗೆ ಅಡ್ಡ ನಿಂತ, ಆಯಿ ಭಂಡಾರ ತಂದಳು. ನಾನು ಅವಳ ಕೈ ಸರಿಸಿ, ಬಗ್ಗಿ ಕೂತು, ಮೂಗು ಹಿಡಿದೆ.

"ಆಯೀ, ಕುರಿಗಿ ಔಷಧ ಕುಡಸುವಾಗ ತಲಿ ಮ್ಯಾಲೆತ್ತಿದ್ರ ಏನಾಗತೈತಿ?"

ಹಾಗೆ ತಲೆ ಎತ್ತಿ ಹಿಡಿದು ಬಿದಿರಿನ ಗೊಟ್ಟದಿಂದ ಔಷಧ ಸುರಿದದ್ದಕ್ಕೆ ಅಪ್ಪನಿಗೆ ಅವಳು ಬೈದದ್ದನ್ನು ನಾನೇ ಕೇಳಿದ್ದೆ.

"ಉಸಿರಿನ ದಾರ್ಯಾಗ ಇಳಿದು ಕುರಿ ಸಾಯತೈತಿ," ಎಂದಳು ಆಯಿ. ಭಂಡಾರದ ಚೀಲದ ಬಾಯಿ ಕಟ್ಟಿ ನನ್ನ ಪಕ್ಕ ಕೂತಳು.

ಅವ್ವ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದಳು. ಹತ್ತು ನಿಮಿಷಕ್ಕೆ ಕೈ ಬಿಟ್ಟೆ. ರಕ್ತ ನಿಂತಿತ್ತು. ಅಪ್ಪ ಬಾಗಿಲು ಬಿಡಲಿಲ್ಲ, ಬಸ್ಸಿನಲ್ಲಿ ಮತ್ತೆ ಬಂದರೇನು ಮಾಡುತ್ತೀ ಎಂದ.

"ಬರ್ಲಿ, ಮತ್ತ ಹಿಡೀತೀನಿ. ನೀ ಅತ್ತ ಸರಿ, ಅಪ್ಪಾ."

ಅವನು ಸರಿಯಲಿಲ್ಲ. ಆಯಿ ಎದ್ದು ಹೋಗಿ, ಮಗನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.