ಸೀನೀರು ಬಾವಿಯ ಹುಲಿಯಮ್ಮ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಲಕ್ಕಣ್ಣನ ಸೈಕಲ್ ಶಾಪು. ಅದರ ಮುಂದೆ ಪಂಕ್ಚರ್ ಹಾಕಿಸಲು ಬಂದವರಿಗೆಂದು ಇಟ್ಟ ಒಂದು ಉದ್ದನೆಯ ಬೆಂಚು. ಅದರ ಮೇಲೆ ಕೂರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಸೈಕಲ್ಲೇ ಇರಲಿಲ್ಲ. ಅವರು ಅಲ್ಲಿಗೆ ಬರುತ್ತಿದ್ದುದು ತಿಂಡಿಯ ವಿಚಾರ ಮಾತಾಡಲು. ಕಡೂರಿನಲ್ಲಿ ಯಾರ ಮನೆಯ ವಡೆ ಗರಿಗರಿ, ತರೀಕೆರೆಯಲ್ಲಿ ದೋಸೆಗೆ ಬೆಣ್ಣೆ ಹಾಕುತ್ತಾರೋ ಬರೀ ತೋರಿಸುತ್ತಾರೋ ಎಂದು ಶುರುವಾದ ಮಾತು ಕೊನೆಗೆ ಊರೊಳಗೇ ಬಂದು ನಿಲ್ಲುತ್ತಿತ್ತು. ಬೆಂಚಿನ ಎಡಕ್ಕೆ ಗಂಗಾಧರಯ್ಯನವರ ಹೋಟೆಲು. ಬಲಕ್ಕೆ ಹೊಂಗೆಮರದ ಕೆಳಗೆ ಹುಲಿಯಮ್ಮನ ಒಲೆ. ಬೆಂಚಿನ ಮೇಲೆ ಎರಡು ಪಕ್ಷ.

"ಅಯ್ನೋರ ಹೋಟ್ಲಲ್ಲಿ ಮೇಜೈತೆ, ಮೇಲೆ ಫ್ಯಾನೈತೆ," ಎಂದು ಯಾರಾದರೂ ಅಂದರೆ, ಲಕ್ಕಣ್ಣ ಟ್ಯೂಬು ಉಜ್ಜುತ್ತಲೇ, "ಫ್ಯಾನ್ ತಿಂತೀಯೇನಯ್ಯಾ?" ಎಂದು ಕೇಳುತ್ತಿದ್ದ.

ಹತ್ತು ಹೆಜ್ಜೆ ಆಚೆ ಹುಲಿಯಮ್ಮ ಕಡ್ಡಿಯಿಂದ ಪಡ್ಡು ತಿರುವುತ್ತಾ ಏನೂ ಕೇಳಿಸದವಳಂತೆ ಇರುತ್ತಿದ್ದಳು. ಎಲ್ಲವೂ ಕೇಳಿಸುತ್ತಿತ್ತು.

ಅವಳು ಬುಕ್ಕಾಂಬುಧಿಯ ಹೆಣ್ಣು. ಕೆರೆಯ ಕೆಂಪು ನೀರು ಕುಡಿದು ಬೆಳೆದವಳು. ಅಜ್ಜಂಪುರದ ಸಣ್ಣಬೀರಪ್ಪನ ಕೈಹಿಡಿದು ಬಂದಾಗ ಅವನು ಮಂಡಿಯಲ್ಲಿ ಹಮಾಲಿ. ಎರಡು ಕ್ವಿಂಟಲ್ ಮೂಟೆಗೂ ಹೆಗಲು ಕೊಡುವ ಆಳು. ಎಪ್ಪತ್ತನಾಲ್ಕರಲ್ಲಿ ಶೇಂಗಾ ಮೂಟೆಗಳ ಸಾಲು ಜಾರಿ ಅವನ ಸೊಂಟದ ಮೇಲೆ ಬಿತ್ತು. ಆಮೇಲೆ ಅವನು ನೆಟ್ಟಗೆ ನಿಲ್ಲಲಿಲ್ಲ. ಮೂರು ತಿಂಗಳು ಗೋಡೆ ನೋಡಿಕೊಂಡು ಮಲಗಿದ್ದವನನ್ನು ಹುಲಿಯಮ್ಮ ಒಂದು ಬೆಳಿಗ್ಗೆ ಎಬ್ಬಿಸಿ ಕೂರಿಸಿ, ಮುಂದೆ ಒರಳು ಇಟ್ಟಳು. "ನಿಲ್ಲಾಕೆ ಆಗ್ದಿದ್ರೆ ಬ್ಯಾಡ. ಕೂತ್ಕಂಡು ರುಬ್ಬು. ಬೇಯ್ಸೋದು ನಂದು," ಎಂದಳು. ಹೆಗಲಿನ ಬಲವೆಲ್ಲ ಅವನ ಕೈಗೆ ಇಳಿಯಿತು. ಆ ಹಿಟ್ಟು ಬೆಣ್ಣೆಯ ಹಾಗಿರುತ್ತಿತ್ತು.

ಎಲ್ಲ ಕಡೆ ಪಡ್ಡಿಗೆ ಕಾಯಿಚಟ್ನಿ ಕೊಡುತ್ತಾರೆ. ಹುಲಿಯಮ್ಮ ತೊಗರಿಬೇಳೆ ಸಾರು ಕೊಡುತ್ತಿದ್ದಳು. ಮುತ್ತುಗದ ಎಲೆಯ ದೊನ್ನೆಯಲ್ಲಿ ಐದು ಪಡ್ಡು, ಮೇಲೆ ಒಂದು ಸೌಟು ಸಾರು. ಆ ಸಾರಿಗಾಗಿ ಅವಳು ದಿನಾ ಬೆಳಗಿನ ಜಾವ ರೈಲ್ವೆ ಹಳಿ ದಾಟಿ, ಮಾವಿನ ತೋಪಿನ ಹಿಂದಿನ ಸೀನೀರು ಬಾವಿಗೆ ನಾಲ್ಕು ಸಲ ಹೋಗಿಬರುತ್ತಿದ್ದಳು. ಊರೊಳಗಿನ ನೀರು ಸವುಳು, ಆ ಬಾವಿಯದೊಂದೇ ಸಿಹಿ. ಆದರೆ ಕಾಲದಿಂದ ಹೂಳು ತೆಗೆಯದ ಬಾವಿ. ನೀರು ಕೊಂಚ ಮಣ್ಣು ಬಣ್ಣ. ಅದಕ್ಕೆ ಹುಲಿಯಮ್ಮನ ಬಳಿ ತವರಿನ ಉಪಾಯವಿತ್ತು. ಚಿಲ್ಲದ ಬೀಜವನ್ನು ಒದ್ದೆ ಮಾಡಿ ಮಡಕೆಯ ಒಳಮೈಗೆ ಗುಂಡಗೆ ತೇಯುವುದು, ಆಮೇಲೆ ನೀರು ತುಂಬುವುದು. ಗಂಟೆಯೊಳಗೆ ಮಣ್ಣೆಲ್ಲ ತಳ ಹಿಡಿದು, ಮೇಲಿನ ನೀರಲ್ಲಿ ಮುಖ ಕಾಣುತ್ತದೆ.

ಗಂಗಾಧರಯ್ಯನವರೂ ಮೊದಲು ಸೀನೀರನ್ನೇ ಹೊರಿಸಿ ತರಿಸುತ್ತಿದ್ದರು. ಎಂಬತ್ತೆರಡರಲ್ಲಿ ಹೋಟೆಲಿನ ಹಿತ್ತಲಲ್ಲಿ ಬೋರು ಹಾಕಿಸಿದರು. ಲಾರಿಯ ಮೇಲೆ ಯಂತ್ರ ಬಂದದ್ದು, ಎರಡು ದಿನ ಗುಡುಗಿದ್ದು, ಕೊನೆಗೆ ನೀರು ತೆಂಗಿನ ಮರದೆತ್ತರ ಚಿಮ್ಮಿದ್ದು ಊರಿಗೆ ಊರೇ ನೋಡಿತ್ತು. ಗಾಜಿನಂಥ ತಿಳಿನೀರು. ಇಷ್ಟು ತಿಳಿಯಾದ ನೀರು, ಅದೂ ಯಂತ್ರ ತೆಗೆದದ್ದು, ಕೆಟ್ಟದ್ದಾಗಿರಲು ಸಾಧ್ಯವೇ ಎಂದು ಯಾರಿಗೂ ಅನ್ನಿಸಲಿಲ್ಲ.

ಮರುವರ್ಷದ ಬೇಸಿಗೆಯ ಹೊತ್ತಿಗೆ ಶಿವಮೂರ್ತಪ್ಪನವರಿಗೆ ಹೊಟ್ಟೆಯುರಿ ಹತ್ತಿತು. ಅವರು ರಿಟೈರಾದ ಪೋಸ್ಟ್ ಮಾಸ್ಟರು, ಈಗ ಪಂಚಾಯ್ತಿ ಮೆಂಬರು. ಬೆಳಿಗ್ಗೆ ಎಂಟಕ್ಕೆ ಹೋಟೆಲಿನಲ್ಲಿ ಇಡ್ಲಿ ಸಾಂಬಾರು, ಸಂಜೆ ಐದಕ್ಕೆ ಮರದ ಕೆಳಗೆ ಪಡ್ಡು. ಟಪಾಲು ಚೀಲದಷ್ಟು ಕರಾರುವಾಕ್ಕು. ಊರಿನಲ್ಲಿ ಇನ್ನೂ ಹತ್ತಾರು ಜನ ಎದೆ ಒತ್ತಿಕೊಂಡು ತೇಗತೊಡಗಿದ್ದರು. ಒಂದು ಬೆಳಿಗ್ಗೆ ವಾಕಿಂಗ್ ಹೊರಟ ಶಿವಮೂರ್ತಪ್ಪ ಹುಲಿಯಮ್ಮನ ಅಂಗಳದಲ್ಲಿ ಕಂಡದ್ದನ್ನು ನೇರವಾಗಿ ಬೆಂಚಿಗೆ ತಂದರು.

"ಮಡಕೆ ಒಳಗೆ ಕೈ ಹಾಕಿ ಏನನ್ನೋ ತೇಯ್ತಿದ್ಲು ಕಣಯ್ಯಾ. ಬಾಯಲ್ಲಿ ಏನೋ ಮಣಮಣ ಅಂತಿದ್ಲು. ನಾನು ಕಣ್ಣಾರೆ ನೋಡಿದೀನಿ."

ಅವಳು ಬಾಯಲ್ಲಿ ಅಂದದ್ದು ಹಾಲಿಗೆ ಬಾಯಿ ಹಾಕಿದ್ದ ಬೆಕ್ಕಿಗೆ. ಆದರೆ ಅದನ್ನು ಕೇಳುವವರು ಯಾರು? ಮಧ್ಯಾಹ್ನದೊಳಗೆ ಮಾತು ಮನೆಮನೆ ಹೊಕ್ಕಿತು. ಹುಲಿಯಮ್ಮ ಮದ್ದು ಹಾಕ್ತಾಳೆ. ಗಿರಾಕಿಗಳು ಬೇರೆ ಕಡೆ ಹೋಗದ ಹಾಗೆ ಸಾರಿಗೆ ಕೈಮದ್ದು ಸೇರಿಸ್ತಾಳೆ. ಅದೇ ಹೊಟ್ಟೇಲಿ ಕೂತು ಉರೀತಿರೋದು. ಸಂಜೆ ಮರದ ಕೆಳಗೆ ಇಬ್ಬರು ಬಂದರು. ಮರುದಿನ ಒಬ್ಬ, ಅವನೂ ಪರವೂರಿನವನು. ಮೂರನೆಯ ದಿನ ಪಂಚಾಯ್ತಿಯಿಂದ ಮಾತು ಬಂತು. ಸೋಮವಾರದೊಳಗೆ ಒಲೆ ಕೀಳಬೇಕು.

ಆ ರಾತ್ರಿ ಹಿಟ್ಟು ಹಾಗೇ ಉಳಿದಿತ್ತು. ಸಣ್ಣಬೀರಪ್ಪ ಒರಳಿನ ಗುಂಡನ್ನು ಸುಮ್ಮನೆ ಹಿಡಿದುಕೊಂಡು ಕೂತಿದ್ದ. "ಅಂತರಘಟ್ಟೆ ಕಡೆ ಹೋಗಿ ಅಂಗಡಿ ಇಟ್ಕಂಡ್ರಾಯ್ತು ಬಿಡು," ಅಂದ.

"ಒಲೆ ಎಲ್ಲಿ ಬೇಕಾದ್ರೂ ಹೂಡ್ಬೋದು," ಅಂದಳು ಹುಲಿಯಮ್ಮ. "ಮದ್ದು ಹಾಕ್ದೋಳು ಅಂಬೋ ಮಾತು ನನ್ನ ಹಿಂದೆ ಬತ್ತದೆ. ಅದನ್ನ ಇಲ್ಲೇ ಇಳಿಸಿ ಹೋಗ್ಬೇಕು."

ಅವಳಿಗೆ ಬೋರು ಬಂದ ಹೊಸತರ ಒಂದು ದಿನ ನೆನಪಿತ್ತು. ಬಾವಿಯ ರಾಟೆ ಮುರಿದಾಗ ಹೋಟೆಲಿನ ಬೋರಿನಿಂದ ಎರಡು ಬಿಂದಿಗೆ ತಂದು ಬೇಳೆ ಇಟ್ಟಿದ್ದಳು. ಎರಡು ಗಂಟೆ ಕುದಿದರೂ ಬೇಳೆ ಬೇಯಲಿಲ್ಲ. ಮರಳಿನ ಹಾಗೆ ತಳದಲ್ಲಿ ಉರುಳಾಡಿತು. ಅಷ್ಟನ್ನೂ ಎಮ್ಮೆಗೆ ಸುರಿದು, ಅವತ್ತು ಬಂದವರಿಗೆ ಬರೀ ಚಟ್ನಿ ಕೊಟ್ಟಿದ್ದಳು. ಹಾಗಿದ್ದ ಮೇಲೆ ಆ ನೀರಲ್ಲಿ ಅಯ್ನೋರ ಹೋಟೆಲಿನ ಬೇಳೆ ದಿನಾ ಹೇಗೆ ಬೇಯುತ್ತಿದೆ? ಅದೊಂದು ಅವಳಿಗೆ ತಿಳಿಯಲಿಲ್ಲ.

ಶನಿವಾರ ಅವಳು ಬೆಂಚಿನ ಮುಂದೆ ಹೋಗಿ ನಿಂತಳು.

"ಮಾಸ್ಟ್ರೇ, ಒಲೆ ಕೀಳು ಅಂದ್ರೆ ಕೀಳ್ತೀನಿ. ಅದಕ್ಕೆ ಮುಂಚೆ ನಾಳೆ ಬೆಳಿಗ್ಗೆ ಇಲ್ಲೇ, ನಿಮ್ಮೆಲ್ಲರ ಕಣ್ಮುಂದೆ ಬೇಳೆ ಬೇಯಿಸ್ತೀನಿ. ಒಂದು ಪಾತ್ರೆಗೆ ನನ್ನ ನೀರು, ಒಂದು ಪಾತ್ರೆಗೆ ಬೋರಿನ ನೀರು. ಬೇಳೆ ನಿಮ್ಮ ಮನೇದೇ ಇರ್ಲಿ. ಆಮೇಲೆ ಹೇಳಿ."

"ಏನಪ್ಪಾ ಇದು, ಪಂದ್ಯಾನಾ?" ಎಂದರು ಶಿವಮೂರ್ತಪ್ಪ.

"ಆಗ್ಲಿ ಬಿಡಿ ಮಾಸ್ಟ್ರೇ," ಅಂದ ಲಕ್ಕಣ್ಣ. "ಹೆಂಗೂ ನಾಳೆ ಭಾನುವಾರ. ನಿಮ್ಮ ಹೊಟ್ಟೇಗೂ ರಜ."

ಭಾನುವಾರ ಬೆಳಿಗ್ಗೆ ಸೈಕಲ್ ಶಾಪಿನ ಮುಂದೆ ಎರಡು ಒಲೆ ಹೂಡಿದರು. ಶಿವಮೂರ್ತಪ್ಪನವರ ಹೆಂಡತಿ ದಾಕ್ಷಾಯಣಮ್ಮ ಮನೆಯಿಂದ ತೊಗರಿಬೇಳೆ ತಂದು ಎರಡು ಪಾತ್ರೆಗೂ ಅಚ್ಚೇರು ಅಚ್ಚೇರು ಅಳೆದರು. ಗಂಗಾಧರಯ್ಯನವರು ತಮ್ಮ ಅಡುಗೆಯವನಾದ ಅಜ್ಜಯ್ಯನ ಕೈಲಿ ಒಂದು ಕೊಡ ಬೋರಿನ ನೀರು ಕಳಿಸಿ, ತಾವೂ ಬಂದು ನಿಂತರು. ಬಲಗಡೆಯ ಒಲೆ ಅಜ್ಜಯ್ಯನ ಪಾಲಿಗೆ.

ಹುಲಿಯಮ್ಮ ಮಡಿಲಿನಿಂದ ಬೀಜ ತೆಗೆದು ಎಲ್ಲರಿಗೂ ತೋರಿಸಿ, ಬರಿದಾದ ಮಡಕೆಯೊಳಗೆ ತೇಯತೊಡಗಿದಳು. ಜನ ಒಂದು ಹೆಜ್ಜೆ ಹಿಂದೆ ಸರಿದರು. ದಾಕ್ಷಾಯಣಮ್ಮ ಮಾತ್ರ ಮುಂದೆ ಬಂದು, ಬೀಜ ಇಸಿದುಕೊಂಡು ತಿರುಗಿಸಿ ನೋಡಿ, ಗಂಡನ ಕಡೆ ತಿರುಗಿದರು.

"ಇದು ಚಿಲ್ಲದ ಬೀಜ ಅಲ್ವೇನ್ರೀ? ನಮ್ಮ ತವರಲ್ಲಿ ಹಂಡೆ ಹಂಡೆಗೂ ತೇಯ್ತಿದ್ರು. ನಿಮ್ಮಮ್ಮನೂ ತೇಯ್ತಿದ್ರು. ಆ ನೀರೇ ಕುಡ್ದು ಬೆಳ್ದೋರು ನೀವು."

ಶಿವಮೂರ್ತಪ್ಪನವರ ಮುಖ ಕೆಂಪಾಯಿತು. ಆದರೂ ಬಿಟ್ಟುಕೊಡಲಿಲ್ಲ. "ಸರಿ ಕಣೇ, ಮದ್ದಲ್ಲ ಅಂತಿಟ್ಕೊ. ಬಾವಿ ನೀರು ಕೊಳಕು ತಾನೇ? ಹೊಟ್ಟೆ ಉರಿಯೋದು ಅದ್ರಿಂದ್ಲೇ."

ಹುಲಿಯಮ್ಮ ಬಿಂದಿಗೆ ಎತ್ತಿಕೊಂಡಳು. ಮನೆಯಲ್ಲೇ ಹೀಗೆ ಬೀಜ ತೇಯ್ದು ತಿಳಿ ಮಾಡಿ ತಂದಿದ್ದ ಬಾವಿ ನೀರನ್ನು ಮೊದಲು ತಾನೊಂದು ಲೋಟ ಕುಡಿದು, ಉಳಿದದ್ದನ್ನು ಪಾತ್ರೆಗೆ ಹೊಯ್ದಳು. ಎರಡು ಒಲೆಗೂ ಒಂದೇ ಹೊರೆಯ ಸೌದೆ.

ಮುಕ್ಕಾಲು ಗಂಟೆಯಲ್ಲಿ ಅವಳ ಪಾತ್ರೆಯ ಬೇಳೆ ಅರಳಿ ಒಡೆಯಿತು. ಸೌಟಿನ ಬೆನ್ನಿಂದ ಒಂದು ಸಲ ಒತ್ತಿದಳು, ಗಂಧದ ಹಾಗೆ ಕರಗಿತು. ಅಜ್ಜಯ್ಯನ ಪಾತ್ರೆಯಲ್ಲಿ ಮೇಲೆಲ್ಲ ಬಿಳಿ ನೊರೆ, ಕೆಳಗೆ ಬೇಳೆ ಇಟ್ಟ ಹಾಗೇ ಇತ್ತು. ಅಜ್ಜಯ್ಯ ಸೌದೆ ಒಟ್ಟಿದ, ಊದಿದ, ಬೆವರು ಒರೆಸಿಕೊಂಡ. ಆಮೇಲೆ, ಕೈಗೆ ಅಂಟಿದ ದಿನನಿತ್ಯದ ಅಭ್ಯಾಸದಲ್ಲಿ, ಸೊಂಟದ ಪಂಚೆಯ ಗಂಟು ಬಿಚ್ಚಿ, ಏನನ್ನೋ ಚಿಟಿಕೆಯಲ್ಲಿ ತೆಗೆದು ಪಾತ್ರೆಗೆ ಹಾಕಿಯೇಬಿಟ್ಟ. ನೊರೆ ಭುಸ್ಸೆಂದು ಉಕ್ಕಿತು.

"ಅಜ್ಜಯ್ಯಾ," ಎಂದ ಲಕ್ಕಣ್ಣ ಮೆಲ್ಲಗೆ, "ಅದೇನೋ ಹಾಕ್ದೆ?"

ಅಜ್ಜಯ್ಯನಿಗೆ ತಾನು ಮಾಡಿದ್ದು ಆಗ ಅರಿವಾಯಿತು. "ಸೋಡಾ," ಅಂದ. "ಅಡಿಗೆ ಸೋಡಾ. ಇಲ್ದಿದ್ರೆ ಈ ನೀರಲ್ಲಿ ಬೇಳೆ ಬೇಯಲ್ಲ ಕಣಣ್ಣ. ಬೋರು ಬಂದಾಗಿಂದ ದಿನಾ ಹಾಕೋದೇ. ಸಾಂಬಾರಿಗೆ ಹಿಡಿ ತುಂಬ ಬೇಕು."

ಶಿವಮೂರ್ತಪ್ಪನವರ ಕೈ ತಾನೇ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅದನ್ನು ನೋಡಿ ಬೆಂಚಿನ ಒಂದು ತುದಿಯಲ್ಲಿ ಯಾರೋ ಕಿಸಕ್ಕೆಂದರು. ನಗು ಇನ್ನೊಂದು ತುದಿಗೆ ಹೋಗಿ ರಸ್ತೆಗೆ ಇಳಿಯಿತು. ಅಜ್ಜಯ್ಯನೂ ನಕ್ಕ.

ಗಂಗಾಧರಯ್ಯನವರು ಮಾತ್ರ ನಗಲಿಲ್ಲ. ಅವರು ಒಳ್ಳೆಯ ಮನುಷ್ಯ. "ಅಯ್ನೋರೇ, ಸಾಂಬಾರಿನ ರುಚಿ ಕೆಟ್ಟಿದ್ದು ನಿಮ್ಗೆ ಗೊತ್ತಾಗ್ಲೇ ಇಲ್ವಾ?" ಎಂದು ದಾಕ್ಷಾಯಣಮ್ಮ ಕೇಳಿದ್ದಕ್ಕೆ ತಲೆ ತಗ್ಗಿಸಿದರು.

"ಹೆಂಗೆ ಗೊತ್ತಾಗ್ಬೇಕು ತಾಯೀ. ಬೋರು ಬಂದಾಗಿಂದ ಒಂದು ದಿನಾನೂ ನಾನು ಹೋಟ್ಲಲ್ಲಿ ತಿಂದಿಲ್ಲ. ಮನೇಲಿ ಇನ್ನೂ ಸೀನೀರು ತರಿಸ್ತೀವಿ," ಎಂದರು. ಇದಕ್ಕೆ ಮೊದಲಿನದಕ್ಕಿಂತ ದೊಡ್ಡ ನಗು ಎದ್ದಿತು. ಈ ಸಲ ಅವರೂ ಸೇರಿಕೊಂಡರು.

ಹುಲಿಯಮ್ಮ ಬೇಳೆಗೆ ಹುಣಸೆ, ಉಪ್ಪು, ತನ್ನ ಸಾರಿನ ಪುಡಿ ಬೆರೆಸಿ ಒಗ್ಗರಣೆ ಕೊಟ್ಟಳು. ಇಂಗಿನ ವಾಸನೆ ರೈಲ್ವೆ ಗೇಟಿನವರೆಗೂ ಹೋಯಿತೆಂದು ಗೇಟಿನವನು ಆಮೇಲೆ ಹೇಳಿದ. ಮೊದಲ ದೊನ್ನೆ ಹಿಡಿದು ಅವಳು ಶಿವಮೂರ್ತಪ್ಪನವರ ಮುಂದೆ ನಿಂತಳು. ಆದರೆ ಕೊಡಲಿಲ್ಲ.

"ಮಾಸ್ಟ್ರೇ, ಮದ್ದು ಅಂತ ನೀವು ಅಂದಿದ್ದು ಈ ಬೆಂಚಿನ ಹತ್ರ. ಊರಿಗೆಲ್ಲ ಕೇಳೋ ಹಂಗೆ. ಈಗ ಹೇಳೋದನ್ನೂ ಇಲ್ಲೇ ಹೇಳಿ, ಅಷ್ಟೇ ಜೋರಾಗಿ."

ಶಿವಮೂರ್ತಪ್ಪ ಸುತ್ತ ನೋಡಿದರು. ಹೆಂಡತಿಯ ಮುಖ ನೋಡಿದರು. ಅಲ್ಲಿ ಸಹಾಯ ಸಿಗಲಿಲ್ಲ. ಚಪ್ಪಲಿ ಬಿಟ್ಟು, ಲಕ್ಕಣ್ಣನ ಭುಜ ಹಿಡಿದು ಬೆಂಚಿನ ಮೇಲೆ ಹತ್ತಿ ನಿಂತರು. ಮನಿಯಾರ್ಡರ್ ಹೆಸರು ಕೂಗುತ್ತಿದ್ದ ಹಳೆಯ ಗಂಟಲಿನಲ್ಲಿ ಹೇಳಿದರು:

"ಹುಲಿಯಮ್ಮ ಮದ್ದು ಹಾಕಿಲ್ಲ. ನಾನು ಅಂದಿದ್ದು ತಪ್ಪು. ಅವಳ ಒಲೆ ಇದ್ದಲ್ಲೇ ಇರತ್ತೆ. ಇದು ಪಂಚಾಯ್ತಿ ಮೆಂಬರಾಗಿ ಹೇಳ್ತಿರೋದು." ಕೆಳಗೆ ಇಳಿಯುವ ಮುಂಚೆ ಸ್ವಲ್ಪ ತಡೆದು, "ಹೊಟ್ಟೆ ಉರಿ ಇರೋನಾಗಿಯೂ ಹೇಳ್ತಿದೀನಿ," ಎಂದು ಸೇರಿಸಿದರು.

ಹುಲಿಯಮ್ಮ ದೊನ್ನೆ ಕೊಟ್ಟಳು. ಸಾರು ತುಳುಕಿ ಅವರ ಪಂಚೆಯ ಮೇಲೆ ಬಿತ್ತು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಮುಂದಿನ ವಾರ ಗಂಗಾಧರಯ್ಯನವರ ದುಡ್ಡಿನಲ್ಲಿ, ಬೆಂಚಿನವರ ರಟ್ಟೆಯಲ್ಲಿ, ಸೀನೀರು ಬಾವಿಯ ಹೂಳು ತೆಗೆದರು. ಹತ್ತು ಅಡಿ ಕೆಸರು ಬಂತು, ಜೊತೆಗೆ ಮೂರು ತಂಬಿಗೆ, ಒಂದು ಸೈಕಲ್ ಚಕ್ರ. ಚಕ್ರ ಯಾರದೆಂದು ಲಕ್ಕಣ್ಣ ಬಾಯಿ ಬಿಡಲಿಲ್ಲ. ಬೋರಿನ ನೀರು ಪಾತ್ರೆ ತೊಳೆಯಲು ಸಾಕು ಎಂದು ತೀರ್ಮಾನವಾಯಿತು. ಹೋಟೆಲಿನ ಗಾಡಿ ದಿನಾ ಬಾವಿಗೆ ಬರತೊಡಗಿತು. ಬೆಂಚಿನ ಮೇಲೆ ವಾದ ನಿಲ್ಲಲಿಲ್ಲ. ಹೋಟೆಲಿನ ಸಾಂಬಾರು ಮತ್ತೆ ರುಚಿಗೆ ಬಂದ ಮೇಲೆ ಅದು ಇನ್ನೂ ಬಿರುಸಾಯಿತು. ಆದರೆ ಬಾವಿಯ ಕಟ್ಟೆಯ ಮೇಲೆ ಒಂದು ರೂಢಿ ತಾನಾಗಿ ಬಂತು. ಎಷ್ಟೇ ಜನ ಸಾಲು ನಿಂತಿರಲಿ, ಬೆಳಗಿನ ಮೊದಲ ಬಿಂದಿಗೆ ಹುಲಿಯಮ್ಮನದು. ಅವಳು ಬಂದು ಹಗ್ಗ ಇಳಿಸುವವರೆಗೆ ಅಜ್ಜಯ್ಯ ಗಾಡಿಯ ಪಕ್ಕ ಬೀಡಿ ಸೇದುತ್ತಾ ಕಾಯುತ್ತಿದ್ದ.

ಬೇಳೆ ಬೇಯಿಸಿದ ಆ ಭಾನುವಾರ ಸಂಜೆಗೆ ಮುಂಚೆಯೇ ಪಡ್ಡು ಮುಗಿದಿತ್ತು. ಖಾಲಿ ಪಾತ್ರೆ ಹೊತ್ತು ಮನೆಗೆ ಬಂದ ಹುಲಿಯಮ್ಮ ಬಾಗಿಲಲ್ಲೇ ನಿಂತಳು. ಲಕ್ಕಣ್ಣ ಬಂದು ಸುದ್ದಿ ಹೇಳಿ ಹೋಗಿದ್ದ. ಸಣ್ಣಬೀರಪ್ಪ ಒರಳಿನ ಮುಂದೆ ನೆಟ್ಟಗೆ ಕೂತಿದ್ದ. ಪಕ್ಕದಲ್ಲಿ ಅಕ್ಕಿ ನೆನೆಸಿದ ಪಾತ್ರೆ ಎಂದಿನದಲ್ಲ, ಮದುವೆ ಮನೆಯ ಅಡುಗೆಗೆ ಬಳಸುವಂಥ ದೊಡ್ಡ ಹಂಡೆ.

"ಇಷ್ಟೊಂದು ಯಾರಿಗೆ?" ಎಂದಳು.

"ಊರಿಗೆ," ಎಂದ ಸಣ್ಣಬೀರಪ್ಪ, ಗುಂಡು ತಿರುಗಿಸುತ್ತಾ. "ಸುಮ್ನೆ ನಿಂತ್ಕಬ್ಯಾಡ, ನೀರು ಹೊಯ್ಯಿ."