ಕಟಿಂಗ್ ಭಾನುವಾರದ ಅಕ್ಕ

ಕಳೆದ ವಾರ ಕತ್ರಿಗುಪ್ಪೆಯ ಸಲೂನಿನಲ್ಲಿ ಕೂತಿದ್ದೆ. ಕಟಿಂಗ್ ಮೆಷಿನ್ನಿಗೆ ಬಿಡುವ ಎಣ್ಣೆಯ ವಾಸನೆ, ಅದರ ಮೇಲೊಂದಿಷ್ಟು ಪೌಡರು... ತಿಲಕ್ ನಗರದ ಆ ವರಾಂಡ ಕಣ್ಣ ಮುಂದೆ ಬಂತು.

ಎರಡು ಸಾವಿರದ ಮೂರು–ನಾಲ್ಕರ ಸುಮಾರು. ಹೆತ್ತವರ ಜೊತೆ ಇರಲಾಗದ ನಮ್ಮ ನಾಲ್ವರನ್ನು ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರದ ಸಮಿತಿಯವರು ಒಬ್ಬ ರಿಟೈರ್ಡ್ ಟೀಚರಮ್ಮನ ಮನೆಯಲ್ಲಿ ಸಾಕಲು ಬಿಟ್ಟಿದ್ದರು. ನನಗೆ ಹತ್ತು ವರ್ಷ. ಉದ್ಯೋಗ ಒಂದೇ, ನಕಲು ಮಾಡುವುದು. ಟೀಚರಮ್ಮನ ಗೊರಕೆ, ಪಕ್ಕದ ಮನೆ ಅಂಕಲ್ ಸ್ಕೂಟರ್ ಒದೆಯುವ ಪರಿ, ಏಟು ತಿಂದು ನಾನೇ ಅಳುವ ರಾಗ... ಯಾರನ್ನೂ ಬಿಟ್ಟವನಲ್ಲ.

ನಾಲ್ವರಲ್ಲಿ ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಸಮಿತಿಯ ಫೈಲಿನ ಪ್ರಕಾರ ಹುಡುಗ, ನಾವೂ ಮೊದಮೊದಲು ಅಣ್ಣ ಎಂದೇ ಕರೆದೆವು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಓಡುತ್ತಿದ್ದಳು. ಅನ್ನಕ್ಕೆ ಪಲ್ಯ ತಾಗಿದರೆ ಊಟವಿಲ್ಲ. ಕೇಳಿದವರಿಗೂ ಕೇಳದವರಿಗೂ ಬಸ್ ನಂಬರುಗಳನ್ನು ಸಾಲಾಗಿ ಒಪ್ಪಿಸುತ್ತಿದ್ದಳು. ಡಾಕ್ಟರು ಚೀಟಿಯಲ್ಲಿ ಆಟಿಸಂ ಎಂದು ಬರೆದಿದ್ದರು. ಅಂದಿನಿಂದ ಅವಳು ಏನು ಮಾಡಿದರೂ ಆ ಚೀಟಿಯೇ ಕಾರಣ.

ತಿಂಗಳಿಗೊಂದು ಭಾನುವಾರ ಕಟಿಂಗ್ ಅಂಕಲ್ ಮನೆಗೇ ಬಂದು ವರಾಂಡದಲ್ಲಿ ಸ್ಟೂಲು ಹಾಕುತ್ತಿದ್ದರು. ನಾಲ್ವರಿಗೂ ಒಂದೇ ಗಿಡ್ಡ ಕಟಿಂಗು. ಅಕ್ಕನ ಸರದಿ ಬಂದರೆ ಬೀದಿಗೆಲ್ಲ ಕೇಳುವಂತೆ ಕಿರುಚಾಟ. ಮೆಷಿನ್ ಸದ್ದಿಗೆ ಹೆದರುತ್ತಾನೆಂದು ಟೀಚರಮ್ಮ ಕತ್ತರಿಯಲ್ಲೇ ಮಾಡಿಸಿದರು, ಕಿವಿಗೆ ಹತ್ತಿ ತುರುಕಿದರು. ಆದರೂ ಇಬ್ಬರು ಹಿಡಿದುಕೊಳ್ಳಬೇಕಿತ್ತು. ಒಮ್ಮೆ ನಾನೂ ಕಾಲು ಹಿಡಿದಿದ್ದೆ. ಆಮೇಲೆ ಎರಡು ದಿನ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ತುತ್ತು ಅನ್ನ ಮುಟ್ಟದೆ...

ಮುಂದಿನ ಕಟಿಂಗಿಗೆ ಒಂದು ದಿನ ಮುಂಚೆ, ಊಟಕ್ಕೆ ಕೂತಾಗ, ಆ ಕಿರುಚಾಟದ ನಕಲು ತೆಗೆದೆ. ಉಳಿದಿಬ್ಬರು ಬಿದ್ದು ಬಿದ್ದು ನಕ್ಕರು. ಅಕ್ಕ ನಗಲಿಲ್ಲ.

"ಲೋ ಕೋತಿ, ಕಿವಿ ಮುಚ್ಕೊಳ್ಳೋದೇ ಮರ್ತ್ಯಲ್ಲೋ," ಎಂದರು ಟೀಚರಮ್ಮ.

"ಮರ್ತಿಲ್ಲ. ಕಿವಿ ಮುಚ್ಕೊಳ್ಳೋದು ಕುಕ್ಕರ್‌ಗೆ. ಕಟಿಂಗ್‌ಗೆ ಹಿಂಗೆ." ನನ್ನೆರಡು ಕೈಗಳೂ ಕತ್ತಿನ ಹಿಂದಿನ ಕೂದಲನ್ನು ಹಿಡಿದಿದ್ದವು.

ಟೀಚರಮ್ಮ ಸೌಟು ಕೆಳಗಿಟ್ಟರು. ಅಕ್ಕನ ಪಕ್ಕ ಹೋಗಿ ಕೂತರು. "ಸೌಂಡ್ ಅಲ್ವೇನೋ? ಕೂದ್ಲಾ?"

"ಕೂದ್ಲು. ನಾನು ಹುಡುಗಿ. ಮೂರು ಸಲ ಹೇಳಿದೀನಿ."

ನಿಜ, ಹೇಳಿದ್ದಳು. ಬಸ್ ನಂಬರುಗಳ ಜೊತೆ ಅದನ್ನೂ ನಾವು ಕೇಳಿಸಿಕೊಳ್ಳದೆ ಬಿಟ್ಟಿದ್ದೆವು...

ಮರುದಿನ ಟೀಚರಮ್ಮ ಅವಳನ್ನು ಸಾಲಿನಿಂದ ಎಬ್ಬಿಸಿದರು. "ಇವಳಿಗೆ ಬೇಡಪ್ಪ."

"ಇವಳಾ? ಸಮಿತಿಯೋರು ಬಂದು ಕೇಳಿದ್ರೆ ಏನಂತೀರ ಮೇಡಂ?"

"ಅವರೂ ಬಂದು ಕೂತ್ಕೊಳ್ಲಿ, ಅವರಿಗೂ ಒಂದು ಕಟಿಂಗ್ ಮಾಡಿ ಕಳ್ಸಿ."

ನಾನು ಸ್ಟೂಲಿನ ಮೇಲೆ ಹಾರಿ ಕೂತೆ. "ಅಕ್ಕಾ, ಜರುಗು, ನನ್ ಟರ್ನು!" ಅವಳು ನಿಧಾನಕ್ಕೆ ಜರುಗಿದಳು. ಮುಖದಲ್ಲಿ ನಗುವಿತ್ತು.

ಒಂದೂವರೆ ವರ್ಷದ ನಂತರ ಅವಳ ಚಿಕ್ಕಪ್ಪ ಸಮಿತಿಯ ಆರ್ಡರ್ ಹಿಡಿದು ಅವಳನ್ನು ಕರೆದೊಯ್ಯಲು ಬಂದರು. ಅಷ್ಟರಲ್ಲಿ ಭುಜದವರೆಗೆ ಜಡೆ ಬಂದಿತ್ತು. "ಬಾರೋ, ಹೊತ್ತಾಯ್ತು," ಎಂದು ಅವರು ಮೂರ್ನಾಲ್ಕು ಸಲ ಕೂಗಿದರೂ ಅವಳು ಅಲುಗಲಿಲ್ಲ. ನಾನು "ಅಕ್ಕಾ" ಎಂದಾಗ ತಿರುಗಿದಳು. ಆಮೇಲೆ ಆಟೋ ಹತ್ತಿದಳು.

ಟೀಚರಮ್ಮ ಈಗಿಲ್ಲ. ಅಕ್ಕನ ವಿಳಾಸ ಕೇಳಿಟ್ಟುಕೊಳ್ಳುವ ಬುದ್ಧಿ ನನಗೆ ಆಗ ಇರಲಿಲ್ಲ. ಚಿಕ್ಕಪ್ಪನ ಮನೆಯಲ್ಲಿ ಅವಳ ಜಡೆ ಉಳಿಯಿತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಅವಳ ವಯಸ್ಸಿನ, ಜಡೆ ಹಾಕಿದ ಹೆಂಗಸು ಕಂಡರೆ ಹಿಂದಿನಿಂದ "ಅಕ್ಕಾ" ಎಂದುಬಿಡುತ್ತೇನೆ, ಯಾರ ನಕಲೂ ಅಲ್ಲ, ನನ್ನದೇ ದನಿಯಲ್ಲಿ. ಇದುವರೆಗೆ ತಿರುಗಿದವರೆಲ್ಲ ಬೇರೆಯವರು.